ಹದಿನೇಳು ಮಕ್ಕಳಿಗೊಂದು ಅಡ್ಡಹೆಸರು

ಪಾತ್ರೆ ಕೊಳ್ಳಲು ಬಂದವರಿಗೆ ನಾನು ಪುಕ್ಕಟೆಯಾಗಿ ಕೊಡುವ ಸಲಹೆ ಒಂದಿದೆ: ಅಡ್ಡಹೆಸರು ಒಂದನ್ನೇ ಕೊರೆಸಬೇಡಿ, ಜೊತೆಗೆ ನಿಮ್ಮ ಹೆಸರನ್ನೂ ಹಾಕಿಸಿ.

ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನನ್ನ ಅಂಗಡಿ ಇದೆ. ಸ್ಟೀಲು, ಅಲ್ಯುಮಿನಿಯಂ ಮಾರುತ್ತೇನೆ, ಹಳೆಯ ಹಿತ್ತಾಳೆ ತಂದರೆ ಹೊಸದಕ್ಕೆ ಬದಲಿ ಮಾಡಿಕೊಡುತ್ತೇನೆ. ನಮ್ಮ ಕಡೆ ಪಾತ್ರೆಗಳು ಒಂದೇ ಮನೆಯಲ್ಲಿ ಕೂರುವ ಜಾತಿಯವಲ್ಲ. ಮದುವೆ, ತಿಥಿ, ಗೃಹಪ್ರವೇಶ ಎಂದು ಊರೆಲ್ಲ ತಿರುಗುತ್ತವೆ. ಊಟ ಮುಗಿದು, ತೊಳೆದು ರಾಶಿ ಹಾಕಿದ ಮೇಲೆ ಯಾರ ತಟ್ಟೆ, ಯಾರ ಸೌಟು ಎಂದು ಹೆಂಗಸರು ಆರಿಸಿಕೊಳ್ಳುವುದು ಕೊರೆದ ಹೆಸರು ನೋಡಿಯೇ. ನಾನು ಅಂಗಡಿ ಹಾಕಿದ ಹೊಸತರಲ್ಲಿ ಅಡ್ಡಹೆಸರು ಕೊರೆದರೆ ಧಾರಾಳವಾಗುತ್ತಿತ್ತು. ಈಗ ಸಾಲದು. ಇಲ್ಲೇ ಹತ್ತಿರದ ನಾರ್ವೆ ಊರಿನ ಕಡೆಯ ಒಂದು ಮದುವೆಯಲ್ಲಿ ಒಂದೇ ಅಡ್ಡಹೆಸರಿನ ಐದು ಮನೆಯ ತಟ್ಟೆಗಳು ಬೆರೆತು, ಕಡೆಗೆ ತಲಾ ಇಷ್ಟು ಎಂದು ಎಣಿಸಿ ಹಂಚಿಕೊಂಡು ಹೋದರು. ಐದರ ಮೇಲೂ ಕೊರೆದವಳು ನಾನೇ. ಆ ಅಡ್ಡಹೆಸರೂ ನನ್ನದೇ.

ಹೆಸರು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಅಂಗಡಿಯ ಮುಂದೆ ಅರ್ಧ ತಾಲ್ಲೂಕು ನಿಂತಿರುತ್ತದೆ. ಕೊನೆಯಲ್ಲಿ ‘ಮಕ್ಕಿ’ ಎಂದು ಬರುತ್ತದೆ, ಅಷ್ಟು ಸಾಕು. ನನ್ನ ಬಾಲ್ಯದಲ್ಲಿ ಅದು ಒಂದೇ ಒಂದು ಮನೆಯ ಹೆಸರಾಗಿತ್ತು. ನಾರ್ವೆ ಕಡೆಯ ಹಂಚಿನ ದೊಡ್ಡ ಮನೆ, ಅದಕ್ಕೆ ಸೇರಿದ ತೋಟ, ಗದ್ದೆ. ನಾವು ಆ ಮನೆಯವರಲ್ಲ. ನಮ್ಮ ಅಪ್ಪ ಅಮ್ಮ ಆ ಮನೆಯ ತೋಟಕ್ಕೆ ಕೆಲಸಕ್ಕೆ ಹೋಗುತ್ತಿದ್ದವರು. ತೋಟದ ಅಂಚಿನಲ್ಲಿ ಕೆಲಸದವರ ಬಿಡಾರ, ಒಂದಕ್ಕೊಂದು ಅಂಟಿದ ಹನ್ನೊಂದು ಗುಡಿಸಲು. ಅಲ್ಲಿದ್ದವರಿಗೆ ಹೆಸರಿತ್ತು, ಅಡ್ಡಹೆಸರು ಇರಲಿಲ್ಲ. ಬೇಕೆಂದು ಯಾರಿಗೂ ಅನ್ನಿಸಿಯೂ ಇರಲಿಲ್ಲ.

ನನಗೆ ಆರು ವರ್ಷವಿದ್ದಾಗ ಒಬ್ಬ ಮೇಷ್ಟರು ಬಿಡಾರಕ್ಕೆ ಬಂದು, ಶಾಲೆಗೆ ಸೇರದ ಮಕ್ಕಳನ್ನೆಲ್ಲ ಸಾಲಾಗಿ ನಡೆಸಿಕೊಂಡು ಹೋದರು. ಹದಿನೇಳು ಮಕ್ಕಳು. ನನ್ನ ತಮ್ಮನಿಗೆ ಇನ್ನೂ ಐದು ತುಂಬಿರಲಿಲ್ಲ. ಅಕ್ಕನ ಕೈ ಬಿಡುವುದಿಲ್ಲ ಎಂದು ಅತ್ತದ್ದಕ್ಕೆ ಅವನನ್ನೂ ಬರೆದುಕೊಂಡರು. ಶಾಲೆಯಲ್ಲಿ ಮೇಜಿನ ಮುಂದೆ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳಿದರು. ಹೆಸರು ಹೇಳಿದೆವು. ಅಪ್ಪನ ಹೆಸರು ಹೇಳಿದೆವು. ಅಲ್ಲೇ ತೊಡಕು ಬಂತು. ಒಂದೇ ಹೆಸರಿನ ಮೂವರು ಹುಡುಗರಿದ್ದರು, ಅವರಲ್ಲಿ ಇಬ್ಬರ ಅಪ್ಪಂದಿರ ಹೆಸರೂ ಒಂದೇ ಆಗಿತ್ತು.

“ಮನೆ ಹೆಸರು ಎಂತದ್ರೋ?” ಎಂದು ಮೇಷ್ಟರು ಕೇಳಿದರು.

ಸಾಲಿನ ಮುಂದಿದ್ದ ಹುಡುಗ ಒಡೆಯರ ಮನೆಯ ಹೆಸರು ಹೇಳಿದ. ನಮಗೆ ಮನೆ ಎಂದರೆ ಅದೊಂದೇ. ನಾವಿದ್ದದ್ದು ಬಿಡಾರ, ಮನೆ ಎಂದು ಅದನ್ನು ಯಾರೂ ಕರೆಯುತ್ತಿರಲಿಲ್ಲ. ಎರಡನೆಯವನೂ ಅದನ್ನೇ ಹೇಳಿದ. ಮೂರನೆಯವಳೂ ಅದನ್ನೇ. ಮೇಷ್ಟರು ಬರೆಯುತ್ತ ಹೋದರು. ಮಕ್ಕಳನ್ನು ಬೇರೆ ಬೇರೆಯಾಗಿ ಗುರುತಿಸಬೇಕೆಂದು ಹೊರಟ ಮನುಷ್ಯ ಹದಿನೇಳು ಮಂದಿಗೂ ಒಂದೇ ಗುರುತು ಹಚ್ಚಿದ್ದು ಹೀಗೆ. ಒಡೆಯರಿಗೆ ಈ ವಿಷಯ ತಿಳಿದಾಗ ನಕ್ಕರಂತೆ. “ನನ್ನ ಮನೇಲಿ ಮಕ್ಕಳು ಎರಡೇ, ಬಿಡಾರದಲ್ಲಿ ಹದಿನೇಳು. ಗೆದ್ರಿ ಮಾರಾಯ್ರೆ!” ಎಂದು ಅಪ್ಪನಿಗೆ ಹೇಳಿದರಂತೆ.

ಆಮೇಲಿನದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಏಳನೇ ತರಗತಿಗೆ ಶಾಲೆ ಬಿಟ್ಟೆ. ಇಪ್ಪತ್ತಕ್ಕೆ ತಲೆಯ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು ಬಸರೀಕಟ್ಟೆಯ ಎಸ್ಟೇಟುಗಳಲ್ಲಿ ಕೆಲಸದವರ ಲೈನ್ ಮನೆಗಳಿಗೆ ಹೋದೆ. ಹಳೆಯ ಸೀರೆಗೊಂದು ಲೋಟ, ಹಿತ್ತಾಳೆಯ ತಂಬಿಗೆಗೊಂದು ಡಬ್ಬಿ. ಚೌಕಾಸಿ ಕಲಿತದ್ದು ಅಲ್ಲಿ. ಎದುರಿನವರು ಹೇಳಿದ ಮೊದಲ ಮಾತಿಗೆ ಹೂಂ ಎನ್ನಬಾರದು, ಕೊನೆಯ ಮಾತಿಗೆ ಇಲ್ಲ ಎನ್ನಬಾರದು. ಮುಖ್ಯವಾದದ್ದು ಇನ್ನೊಂದು: ವ್ಯಾಪಾರ ಮುಗಿದಾಗ ಎದುರಿನವಳ ಕೈ ಖಾಲಿ ಇರಬಾರದು. ಸೋತೆ ಎಂದು ಅನ್ನಿಸಿದವಳು ಎರಡನೇ ಸಲ ಬಾಗಿಲು ತೆರೆಯುವುದಿಲ್ಲ. ಮದುವೆಗೆ ಮನೆಯಲ್ಲಿ ಒತ್ತಾಯ ಮಾಡಿದರು. ನಾನು ಅಂಗಡಿ ಹಾಕಿದೆ.

ಅಂಗಡಿಯಲ್ಲಿ ಕುಳಿತು ಹೆಸರು ಕೊರೆಯುತ್ತ ಕೊರೆಯುತ್ತ ನಮ್ಮ ಅಡ್ಡಹೆಸರು ಬೆಳೆದದ್ದನ್ನು ಕಣ್ಣಾರೆ ಕಂಡೆ. ಬಿಡಾರದ ಮಕ್ಕಳು ದೊಡ್ಡವರಾದರು, ಚೆದುರಿದರು. ಒಬ್ಬ ಎನ್.ಆರ್. ಪುರದಲ್ಲಿ ಗಾರೆ ಕೆಲಸಕ್ಕೆ ಹೋದ, ಒಬ್ಬಳನ್ನು ಶೃಂಗೇರಿಗೆ ಕೊಟ್ಟರು, ಒಬ್ಬ ಬಸ್ಸಿನ ಕಂಡಕ್ಟರಾದ. ಎಲ್ಲರ ಶಾಲೆಯ ಕಾಗದದಲ್ಲೂ ಅದೇ ಹೆಸರು. ಅವರ ಮಕ್ಕಳಿಗೂ ಅದೇ. ರೇಷನ್ ಕಾರ್ಡಿಗೆ ಬಂತು, ಆಧಾರಿಗೆ ಬಂತು, ಜೀಪಿನ ಗಾಜಿನ ಮೇಲೆ ಬಂತು. ಅತ್ತ ಒಡೆಯರ ಮನೆಯ ಮೊಮ್ಮಕ್ಕಳು ಮನೆ ಹೆಸರು ಕೈಬಿಟ್ಟು ಜಾತಿಯ ಹೆಸರು ಇಟ್ಟುಕೊಂಡರು. ನನಗೆ ತಿಳಿದಂತೆ ಈಗ ಆ ಮನೆಯಲ್ಲಿ ಹಳೆಯ ಹೆಸರು ಇರುವುದು ಕರೆಂಟ್ ಬಿಲ್ಲಿನಲ್ಲಿ ಮಾತ್ರ.

ಇಷ್ಟಕ್ಕೇ ನಿಂತಿದ್ದರೆ ನಾನು ಬರೆಯುತ್ತಿರಲಿಲ್ಲ. ನನ್ನ ತಮ್ಮನ ಮಗಳ ಮದುವೆ ಈ ಹೆಸರಿಗೆ ತಾಗಿ ಮುರಿಯುವುದರಲ್ಲಿತ್ತು.

ತಮ್ಮ ಅಡಿಕೆಯ ಕೊನೆ ತೆಗೆಯುವವನು. ಅಡಿಕೆ ಮರ ಹತ್ತಿ ಹತ್ತಿ ಅವನ ಮಂಡಿ ಕಪ್ಪಾಗಿದೆ. ಈಗ ಉದ್ದದ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಗೊನೆ ಇಳಿಸುತ್ತಾನೆ. ಮಾತು ಕಡಿಮೆ. ಅವನ ಪಾಲಿನದನ್ನೂ ನಾನೇ ಆಡುತ್ತೇನೆ ಎಂದು ಅವನ ಹೆಂಡತಿ ಕುಟುಕುವುದುಂಟು. ಮಗಳು ಶೃಂಗೇರಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಒಂದು ದಿನ ಅವಳು ರಿಪೋರ್ಟ್ ಕೊಡಲು ಅಡ್ಡಹೆಸರು ಕೂಗಿದಾಗ ಬೆಂಚಿನ ಮೇಲಿದ್ದ ಮೂವರು ಎದ್ದು ನಿಂತರಂತೆ. ಅವರಲ್ಲಿ ಒಬ್ಬ ಹುಡುಗ, “ನಿಮ್ದೂ ಅದೇ ಹೆಸರಾ? ಹಾಗಾದ್ರೆ ನಾಲ್ಕು ಜನ ಆದ್ವಿ, ಒಂದು ಸಂಘ ಮಾಡ್ಬಹುದು” ಎಂದನಂತೆ. ಅವಳ ಕೋಟಿನ ಮೇಲೆ ಹೆಸರಿನ ಚೀಟಿ ಇತ್ತು. ಹುಡುಗ ಎನ್.ಆರ್. ಪುರದಲ್ಲಿ ಲೈನ್‌ಮ್ಯಾನ್. ಮನೆ ಬಸರೀಕಟ್ಟೆ. ಒಂದು ವರ್ಷದ ಮೇಲೆ ಅವಳು ನನ್ನ ಅಂಗಡಿಗೆ ಬಂದು, ಅಪ್ಪನಿಗೆ ನೀವೇ ಹೇಳಬೇಕು ಅತ್ತೆ ಎಂದಳು.

ವಿಚಾರಿಸಿದೆ. ಹುಡುಗನ ಅಪ್ಪ ಬಸರೀಕಟ್ಟೆಯಲ್ಲಿ ಜೀಪು ಓಡಿಸುವವರು, ಸ್ವಲ್ಪ ಕಾಫಿ ತೋಟವೂ ಇದೆ. ನಮ್ಮ ಜನವೇ. ತಾಯಿ ಇಲ್ಲ, ಮನೆಯ ಯಜಮಾನಿಕೆ ಅಜ್ಜಿಯದು. ಹುಡುಗನೂ ಅವನಪ್ಪನೂ ಅಜ್ಜಿಗೆ ಹುಡುಗಿಯ ಹೆಸರು, ಕೆಲಸ, ಊರು ಎಲ್ಲ ಹೇಳಿದ್ದರು. ಅಡ್ಡಹೆಸರಿನ ಮಾತು ಬಂದಿರಲಿಲ್ಲ. ಇಂದಿನ ಮಕ್ಕಳಿಗೆ ಅದು ಆಧಾರಿನ ಕೊನೆಯ ಪದ, ಅಷ್ಟೇ.

ಹುಡುಗಿ ನೋಡಲು ಒಂದು ಭಾನುವಾರ ಬೆಳಿಗ್ಗೆ ಜೀಪಿನಲ್ಲಿ ಬಂದರು. ಅಜ್ಜಿ ಸಣ್ಣ ಆಳು, ಕಣ್ಣು ಚುರುಕು; ಹಿಂದೆ ನನ್ನ ಅಂಗಡಿಗೆ ಬಂದದ್ದುಂಟು. ತಮ್ಮನ ಹೆಂಡತಿ ಅವಲಕ್ಕಿ, ಕಾಫಿ ತಂದಿಟ್ಟಳು. ಅಜ್ಜಿ ಅವಲಕ್ಕಿಯ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಮತ್ತೆ ಸವರಿದರು. ಅವಲಕ್ಕಿಯನ್ನು ಒಂದು ಬದಿಗೆ ಸರಿಸಿ ಬೆಳಕಿಗೆ ಹಿಡಿದರು.

“ಇದು ನಮ್ಮನೆ ತಟ್ಟೆ ಅಲ್ದನಾ?” ಎಂದು ಮಗನನ್ನು ಕೇಳಿದರು.

“ನಿಮ್ಮನೇದು ಇಲ್ಲಿ ಹೇಗೆ ಬರ್ತದೆ ಅಜ್ಜಿ? ನಮ್ಮಂಗಡೀದು” ಎಂದೆ.

“ನಂಗೆ ಓದ್ಲಿಕ್ಕೆ ಬರೋದಿಲ್ಲ ಮಾರಾಯ್ತಿ, ಆದ್ರೆ ಈ ಗೀಟು ಗೊತ್ತು. ಇಷ್ಟು ವರ್ಷ ತಿಕ್ಕಿ ತಿಕ್ಕಿ ತೊಳ್ದಿದ್ದೇನೆ. ಇಲ್ಲೊಂದು ಸುರುಳಿ, ಇಲ್ಲೊಂದು ಕೊಂಬು, ಕೊನೆಗೆ ಬಾಲ. ನಮ್ಮ ಹೆಸರೇ ಇದು.” ಅಜ್ಜಿ ತಟ್ಟೆಯನ್ನು ಕೆಳಗಿಟ್ಟರು. “ಎಂತ, ನಿಮ್ದೂ ಇದೇ ಮನೆ ಹೆಸರಾ?”

ಹೌದು ಎನ್ನದೆ ಏನು ಮಾಡಲಿ? ಎರಡೂ ಮನೆಯ ತಟ್ಟೆಗೆ ಕೊರೆದ ಕೈ ನನ್ನದೇ. ಅಕ್ಷರವನ್ನು ಇಷ್ಟು ಚೆನ್ನಾಗಿ ಕೊರೆಯಬಾರದಿತ್ತು ಎಂದು ಆ ಹೊತ್ತಿಗೆ ಅನ್ನಿಸಿತು.

“ಒಂದೇ ಮನೆ ಹೆಸರು ಅಂದ್ಮೇಲೆ ಒಂದೇ ಬಳಿ. ಅಣ್ಣ ತಂಗಿ ಆಗ್ತದೆ. ಏಳಿ ಎಲ್ರೂ” ಎಂದು ಅಜ್ಜಿ ಎದ್ದೇ ಬಿಟ್ಟರು.

ಬಳಿ ಎಂದರೆ ನಮ್ಮಲ್ಲಿ ಮರ, ಪ್ರಾಣಿಗಳ ಹೆಸರಿನ ಮೂಲದ ಗುಂಪು. ಅಪ್ಪನಿಂದ ಮಕ್ಕಳಿಗೆ ಬರುತ್ತದೆ. ಒಂದೇ ಬಳಿಯವರು ಒಡಹುಟ್ಟಿದವರ ಲೆಕ್ಕ, ಅವರಲ್ಲಿ ಮದುವೆ ಇಲ್ಲ. ಹಿಂದೆ ಸಂಬಂಧ ಕೇಳಲು ಬಂದವರು ಮೊದಲು ಕೇಳುತ್ತಿದ್ದದ್ದು ಅದನ್ನೇ. ಅಡ್ಡಹೆಸರು ಬಂದ ಮೇಲೆ ಬಳಿ ಕೇಳುವುದು ನಿಂತಿತು. ಬಳಿ ಮರೆತವರು ಅಡ್ಡಹೆಸರನ್ನೇ ಅದರ ಜಾಗದಲ್ಲಿ ಕೂರಿಸಿದ್ದರು. ಅಜ್ಜಿಯ ಮನೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾವು ಆ ದೊಡ್ಡ ಮನೆತನದ ಒಂದು ಕವಲು ಎಂಬ ಕತೆಯೂ ಬೆಳೆದಿತ್ತು.

ಜೀಪು ಹೋಯಿತು. ಅವಲಕ್ಕಿ ಹಾಗೇ ಉಳಿಯಿತು. ತಮ್ಮನ ಮಗಳು ಅಳಲಿಲ್ಲ. ತಟ್ಟೆಗಳನ್ನು ಒಳಗೆ ತೆಗೆದುಕೊಂಡು ಹೋಗಿ ಇಟ್ಟು ಬಂದು, “ಅತ್ತೆ, ಹೆಸರು ಬೇಕಾದ್ರೆ ಬದಲಾಯಿಸ್ತೇನೆ. ಅವನನ್ನ ಬದಲಾಯಿಸೋದಿಲ್ಲ” ಎಂದಳು.

“ಹೆಸರು ಬದಲಾಯಿಸಿದ್ರೆ ಅಜ್ಜಿ ಒಪ್ತಾರಾ? ಬಣ್ಣ ಹೊಡೆದು ತಂದ ಹಳೆ ಕೊಡಪಾನ ಅಂತಾರೆ” ಎಂದೆ. “ನಂಗೆ ಹದಿನೈದು ದಿನ ಕೊಡು.”

ಯಾವ ಮಾತು ಸಿಕ್ಕಿಹಾಕಿಕೊಂಡರೂ ಮೊದಲು ಅದು ಶುರುವಾದ ಜಾಗಕ್ಕೆ ಹೋಗಬೇಕು. ಇದು ನನ್ನ ಪದ್ಧತಿ. ಆ ಹುಡುಗನ ಅಪ್ಪ ಕೂಡ ನಮ್ಮ ಬಿಡಾರದ ಮಗುವೇ ಇರಬೇಕು ಎಂದು ನನಗೆ ಅನುಮಾನ ಬಂದಿತ್ತು. ಫೋನ್ ಮಾಡಿ ಕೇಳಿದೆ. ಒಂದನೇ ತರಗತಿ ಎಲ್ಲಿ ಓದಿದ್ದು ಎಂದರೆ, “ನಾರ್ವೆ ಕಡೇಲಿ ಅಕ್ಕ, ಒಂದೇ ವರ್ಷ. ಆಮೇಲೆ ಬಸರೀಕಟ್ಟೆಗೆ ಬಂದ್ವಿ. ಎಂತಕ್ಕೆ?” ಎಂದರು.

“ಮಗನ ಮದುವೆ ಆಗ್ಬೇಕಾ ಬೇಡ್ವಾ?”

“ಆಗ್ಬೇಕು ಅಕ್ಕ. ಅವನು ಮನೆಗೆ ಬರೋದೇ ಬಿಟ್ಟಿದ್ದಾನೆ, ಎನ್.ಆರ್. ಪುರದ ರೂಮಲ್ಲೇ ಬಿದ್ದಿದ್ದಾನೆ. ಅಮ್ಮನೂ ಸರಿಯಾಗಿ ಊಟ ಮಾಡ್ತಿಲ್ಲ.”

“ಹಾಗಾದ್ರೆ ನಾಳೆ ಜೀಪು ತಗೊಂಡು ಬನ್ನಿ.”

ಮೂವರೂ ಶಾಲೆಗೆ ಹೋದೆವು. ನಾನು, ತಮ್ಮ, ಜೀಪಿನವರು. ಶಾಲೆಯ ಹೆಡ್‌ಮಿಸ್ಸು ವಯಸ್ಸಿನಲ್ಲಿ ಚಿಕ್ಕವರು, ಕಟ್ಟುನಿಟ್ಟಿನವರು. ಹಳೆಯ ದಾಖಲಾತಿ ಪುಸ್ತಕ ನೋಡಬೇಕು ಎಂದರೆ, ಅವರವರದ್ದನ್ನು ಅವರವರಿಗೆ ಮಾತ್ರ ತೋರಿಸಬಹುದು, ಅದಕ್ಕೂ ಅರ್ಜಿ ಬೇಕು ಎಂದರು. ನಾನು ಅಭ್ಯಾಸಬಲದಿಂದ, ಬಿಸಿಯೂಟದ ತಟ್ಟೆಗಳಿಗೆಲ್ಲ ಶಾಲೆಯ ಹೆಸರು ಪುಕ್ಕಟೆ ಕೊರೆದುಕೊಡುತ್ತೇನೆ ಎಂದೆ.

“ತಟ್ಟೆ ಕೊರೆದುಕೊಡಿ, ಸಂತೋಷ. ಆದ್ರೂ ಅರ್ಜಿ ಬೇಕು” ಎಂದರು. ನನಗೆ ಆಕೆ ಇಷ್ಟವಾದರು. ಮೂರು ಅರ್ಜಿ ಬರೆದುಕೊಟ್ಟೆವು.

ಪುಸ್ತಕದ ಅಂಚು ಗೆದ್ದಲು ತಿಂದಿತ್ತು, ಒಳಗೆ ಅಕ್ಷರ ಗಟ್ಟಿಯಾಗಿತ್ತು. ಹೆಡ್‌ಮಿಸ್ಸು ಎರಡು ಉದ್ದದ ಸ್ಕೇಲುಗಳನ್ನಿಟ್ಟು ಬೇರೆಯವರ ಹೆಸರು, ಜಾತಿ ಎಲ್ಲ ಮುಚ್ಚಿ, ಅಡ್ಡಹೆಸರಿನ ಕಾಲಂ ಮಾತ್ರ ಕಾಣುವಂತೆ ಮಾಡಿದರು. ಹಿಂದಿನ ಪುಟಗಳಲ್ಲಿ ಆ ಕಾಲಂ ಹೆಚ್ಚುಕಡಿಮೆ ಖಾಲಿ. ಆ ದಿನದ ಪುಟ ಬಂದಾಗ ಮೇಲಿನ ಸಾಲಿನಲ್ಲಿ ನಮ್ಮ ಅಡ್ಡಹೆಸರು, ದುಂಡಗಿನ ಅಕ್ಷರದಲ್ಲಿ, ಪೂರ್ತಿಯಾಗಿ. ಅದರ ಕೆಳಗೆ ಎರಡು ಗೀಟು. ಅದರ ಕೆಳಗೂ ಎರಡು ಗೀಟು. ಹಾಗೇ ಕೊನೆಯವರೆಗೆ ಹದಿನಾರು ಸಲ. ಮೇಷ್ಟರು ಒಬ್ಬನಿಗೆ ಬರೆದು, ಉಳಿದವರಿಗೆ ‘ಮೇಲಿನಂತೆ’ ಎಂದು ಗೀಟೆಳೆದಿದ್ದರು. ನನ್ನ ಸಾಲು ಹದಿನಾಲ್ಕನೆಯದು, ತಮ್ಮನದು ಹದಿನೈದು. ಇಷ್ಟು ವರ್ಷ ಅಂಗಡಿಯ ಬೋರ್ಡಿನ ಮೇಲೆ ಬಣ್ಣದಲ್ಲಿ ಬರೆಸಿಕೊಂಡ ನನ್ನ ಅಡ್ಡಹೆಸರು ಮೂಲದಲ್ಲಿ ಎರಡು ಗೀಟು. ನನಗೆ ನಗು ತಡೆಯಲಿಲ್ಲ.

“ಮೊದಲನೇ ಸಾಲು ಯಾರದ್ದು?” ಎಂದು ಕೇಳಿದೆ.

ಹೆಡ್‌ಮಿಸ್ಸು ಸ್ಕೇಲಿನ ಕೆಳಗೆ ಇಣುಕಿ ನೋಡಿ, ಜೀಪಿನವರತ್ತ ತಿರುಗಿದರು. “ನಿಮ್ದು.”

ಜೀಪಿನವರು ನಗಲಿಲ್ಲ. ಅವರು ನೋಡುತ್ತಿದ್ದದ್ದು ಕೆಳಗಿನ ಹದಿನಾರು ಗೀಟುಗಳನ್ನು. ಜೀಪಿನ ಹಿಂದೆ ದೊಡ್ಡದಾಗಿ ಬರೆಸಿಕೊಂಡ ಮನೆತನ ಆ ಕಾಲಮ್ಮಿನಲ್ಲಿ ಹುಟ್ಟಿದ್ದು ಎಂದು ಅವರಿಗೆ ಅರ್ಥವಾಗಿತ್ತು. ಹೊರಗೆ ಬಂದ ಮೇಲೆ, “ಅಕ್ಕ, ಇದನ್ನ ಅಮ್ಮನಿಗೆ ಹೇಗೆ ಹೇಳೋದು? ಅಪ್ಪ ಸಾಯೋವರೆಗೂ ನಮ್ಮದು ದೊಡ್ಡ ಮನೆತನ ಅಂತಲೇ ಹೇಳಿದ್ದು” ಎಂದರು.

ನನ್ನ ಗೆಲುವಿನ ಕಾಗದ ಇನ್ನೊಬ್ಬರ ಕೈಯಿಂದ ಏನನ್ನೋ ಕಿತ್ತುಕೊಳ್ಳುತ್ತದೆ ಎಂದು ನನಗೆ ಹೊಳೆದದ್ದು ಆಗಲೇ.

ಆದರೂ ಮರುದಿನವೇ ಬಸರೀಕಟ್ಟೆಗೆ ಹೋದೆವು. ತಮ್ಮ ಬರುವುದಿಲ್ಲ ಎಂದ, ಎಳೆದುಕೊಂಡು ಹೋದೆ. ಅಜ್ಜಿ ಅಂಗಳದಲ್ಲಿ ಕಾಫಿ ಬೀಜ ಕೈಯಾಡಿಸುತ್ತಿದ್ದರು. ನಮ್ಮನ್ನು ನೋಡಿ ಕೂರಿ ಎಂದರು, ಮುಖ ಕೊಡಲಿಲ್ಲ. ನಾನು ಶಾಲೆಯಿಂದ ಕೊಟ್ಟ ಕಾಗದ ತೆಗೆದೆ. ಬಿಡಾರ, ಮೇಷ್ಟರು, ಹದಿನೇಳು ಮಕ್ಕಳು, ಎಲ್ಲ ಹೇಳಿದೆ.

“ನೀನು ಪಾತ್ರೆ ಮಾರೋಳು” ಎಂದರು ಅಜ್ಜಿ, ಬೀಜ ಕೆದಕುತ್ತಲೇ. “ನನ್ನ ತೂತು ಬಿದ್ದ ಹಂಡೇನೇ ಬೆಸುಗೆ ಹಾಕಿ ಹೊಳಪು ಮಾಡಿ ನಂಗೇ ವಾಪಸ್ ಮಾರ್ಲಿಕ್ಕೆ ನೋಡ್ದೋಳು. ನಿಂಗೆ ಒಂದು ಕಾಗದ ಮಾಡ್ಸೋದು ಎಷ್ಟೊತ್ತಿನ ಕೆಲಸ?”

ಹಂಡೆಯ ವಿಷಯ ನಿಜ. ಮಗ, “ಅಮ್ಮ, ನಾನೇ ನೋಡಿದ್ದೇನೆ, ಕಾಗದ ಸುಳ್ಳಲ್ಲ” ಎಂದರು. ಅಜ್ಜಿಯ ಕೈ ನಿಂತಿತು. ಬುಟ್ಟಿ ಹೊತ್ತ ಕಾಲದಿಂದ ನಾನು ಎಷ್ಟೋ ಅಂಗಳದಲ್ಲಿ ಕೈ ಹೀಗೆ ನಿಲ್ಲುವುದನ್ನು ಕಂಡಿದ್ದೇನೆ. ಈಗ ಬೆಲೆ ಇಳಿಸಿದರೆ ಪ್ರಯೋಜನವಿಲ್ಲ, ಏನಾದರೂ ಕೊಡಬೇಕು.

“ಅಜ್ಜಿ, ಒಂದು ಮಾತು ಕೇಳಿ” ಎಂದೆ. “ಆ ಪುಟದಲ್ಲಿ ಅಡ್ಡಹೆಸರನ್ನ ಪೂರ್ತಿ ಬರ್ದಿರೋದು ಒಬ್ಬನಿಗೇ. ನಿಮ್ಮ ಮಗನಿಗೆ. ಮೊದಲು ಬಾಯಿ ಬಿಟ್ಟು ಹೇಳಿದ್ದು ಅವರೇ. ನಮಗೆಲ್ಲ ಬರೀ ಗೀಟು. ಒಡೇರ ಮೊಮ್ಮಕ್ಕಳೇ ಆ ಹೆಸರು ಬಿಟ್ಟಿದ್ದಾರೆ. ಇವತ್ತು ಈ ಮೂರು ತಾಲ್ಲೂಕಲ್ಲಿ ಅದು ಎಷ್ಟು ಮನೇಲಿ ಇದೆಯೋ, ಅಷ್ಟೂ ಶುರು ಆಗಿದ್ದು ನಿಮ್ಮ ಮಗನ ಬಾಯಿಂದ. ಅದು ದೊಡ್ಡ ಮನೆತನ ಅಲ್ದೆ ಮತ್ತೆಂತ?”

ಇದು ಚೌಕಾಸಿಯ ಮಾತಾದರೂ ಸುಳ್ಳಲ್ಲ. ಅಜ್ಜಿ ಮೊದಲ ಸಲ ಮುಖವೆತ್ತಿ ಮಗನನ್ನು ನೋಡಿದರು.

“ನಂಗೆ ಗೊತ್ತಿರ್ಲಿಲ್ಲ ಅಂತಲ್ಲ” ಎಂದರು ನಿಧಾನವಾಗಿ. “ಬಿಡಾರದಲ್ಲಿ ಬಾಳಿದವಳಿಗೆ ಗೊತ್ತಿರೋದಿಲ್ವಾ? ಮೊಮ್ಮಕ್ಕಳಿಗೆ ಅದನ್ನ ಹೇಳೋದು ಹೇಗೆ ಅಂತ ಬಿಟ್ಟೆ. ಬಿಟ್ಟು ಬಿಟ್ಟು ನಂಗೂ ಅದೇ ನಿಜ ಆಗಿಹೋಯ್ತು.” ಸೆರಗಿನಲ್ಲಿ ಕೈ ಒರೆಸಿಕೊಂಡು ನೆಟ್ಟಗೆ ಕುಳಿತರು. “ಹೆಸರು ಹಾಗಿರ್ಲಿ. ನಿಮ್ಮ ಬಳಿ ಯಾವ್ದು, ಅದು ಹೇಳು.”

ಮಾತಿನಿಂದಲೇ ಬದುಕಿದ ನಾನು, ಶಾಲೆಯ ಕಾಗದವನ್ನು ಎರಡು ಪ್ರತಿ ಮಾಡಿಸಿ ಒಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಿದ್ದ ನಾನು, ಈ ಒಂದು ಪ್ರಶ್ನೆಗೆ ಉತ್ತರ ತಂದಿರಲಿಲ್ಲ. ಅಪ್ಪ ಹೇಳಿರಬಹುದು. ನಾನು ಕೇಳಿಸಿಕೊಂಡಿರಲಿಲ್ಲ. ಮದುವೆಯೇ ಬೇಡವೆಂದವಳಿಗೆ ಬಳಿ ಯಾಕೆ ಬೇಕು ಎಂದುಕೊಂಡಿದ್ದೆನೇನೋ.

“ಹೊನ್ನೆ” ಎಂದ ತಮ್ಮ.

ಎಲ್ಲರೂ ಅವನತ್ತ ತಿರುಗಿದೆವು. ಅವನು ಕಂಬಕ್ಕೆ ಒರಗಿ ನಿಂತಿದ್ದ.

“ಹೊನ್ನೆ ಬಳಿ ಅಂತ ಅಪ್ಪ ಹೇಳಿದ್ರು. ಹೊನ್ನೆ ಮರ ಕಡೀಬಾರ್ದು, ಒಲೆಗೆ ಹಾಕ್ಬಾರ್ದು. ನಾನು ಇವತ್ತಿಗೂ ಹಾಕೋದಿಲ್ಲ.”

“ಬಾಯಲ್ಲಿ ಯಾರು ಬೇಕಾದ್ರೂ ಹೇಳ್ತಾರೆ” ಎಂದರು ಅಜ್ಜಿ. ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ.

“ಒಡೇರ ಮನೆ ಬಚ್ಚಲಿಗೆ ಸೌದೆ ಒಟ್ಟೋದು ಅಪ್ಪನ ಕೆಲಸ ಆಗಿತ್ತು ಅಜ್ಜಿ. ರಾಶೀಲಿ ಹೊನ್ನೆ ತುಂಡು ಸಿಕ್ಕಿದ್ರೆ ತೆಗೆದು ಬೇಲಿ ಹತ್ರ ಇಡ್ತಿದ್ರು. ಒಂದ್ಸಲ ಒಡೇರು ನೋಡಿ, ಎಂತ ಮಾರಾಯ, ಸೌದೇಲೂ ಅಕ್ಕಿ ಆರಿಸ್ದ ಹಾಗೆ ಆರಿಸ್ತೀಯಾ ಅಂತ ಬೈದ್ರು. ನಾನು ಅಲ್ಲೇ ಇದ್ದೆ.”

ಅಜ್ಜಿ ಬೀಜದ ರಾಶಿಯನ್ನು ದಾಟಿ ಅವನ ಹತ್ತಿರ ಬಂದರು. ಮುಖವನ್ನು ಬಗ್ಗಿಸಿ ನೋಡಿದರು.

“ಸೌದೆ ಆರಿಸ್ತಿದ್ದ ಅಣ್ಣನ ಮಕ್ಕಳಾ ನೀವು?” ಎಂದರು. “ಅಯ್ಯೋ ದೇವ್ರೆ. ಕೊನೇ ಗುಡಿಸಲು. ಅವನ ಹೆಂಡ್ತಿ ನನ್ನ ಬಾಣಂತನದಲ್ಲಿ ಎರಡು ಸಲ ನೀರು ಹಾಕಿದ್ದಾಳೆ. ನಮ್ಮನೆಯೋರು ಅವನನ್ನ ಎಷ್ಟು ಗೇಲಿ ಮಾಡ್ತಿದ್ರು, ಹೊನ್ನೆ ನಿನ್ನ ಅತ್ತೆಯಾ ಅಂತ! ಅವನೂ ಬಿಡ್ತಿರ್ಲಿಲ್ಲ, ನೀನು ಕಡವೆ ಮಾಂಸ ತಿನ್ನೋದಿಲ್ವಲ್ಲ, ಅದು ನಿನ್ನ ಮಾವನಾ ಅಂತ ತಿರುಗಿ ಕೇಳ್ತಿದ್ದ.”

“ಹಾಗಾದ್ರೆ ನಿಮ್ದು ಕಡವೆ ಬಳಿ” ಎಂದೆ ನಾನು.

“ಮತ್ತೆ? ನಿಮ್ದು ಹೊನ್ನೆ, ನಮ್ದು ಕಡವೆ. ಎಲ್ಲಿಂದೆಲ್ಲಿ ಅಣ್ಣ ತಂಗಿ?” ಎಂದು ಅಜ್ಜಿ ನನ್ನನ್ನೇ ಗದರಿದರು, ಮದುವೆ ಬೇಡವೆಂದವಳು ನಾನೇ ಎಂಬ ಹಾಗೆ. “ಇಷ್ಟು ದಿನ ಎಂತಕ್ಕೆ ಸುಮ್ನಿದ್ದೆ ಮಾರಾಯ?” ಎಂದು ತಮ್ಮನನ್ನು ಕೇಳಿದರು.

“ಯಾರೂ ಕೇಳ್ಲಿಲ್ಲ” ಎಂದ ಅವನು.

ನಿಮ್ಮಲ್ಲಿ ಯಾರಿಗಾದರೂ ಇಂಥ ತೊಡಕು ಬಂದರೆ ನನ್ನ ಅನುಭವದ ಸಲಹೆ ಇಷ್ಟು: ಕಚೇರಿಗೆ ಹೋಗಿ, ಅರ್ಜಿ ಕೊಡಿ, ಕಾಗದ ತನ್ನಿ, ಎಲ್ಲ ಸರಿ. ಹೊರಡುವ ಮೊದಲು ಮನೆಯಲ್ಲಿ ಮಾತು ಕಡಿಮೆ ಆಡುವವರನ್ನು ಕೂರಿಸಿ ಒಂದು ಸಲ ಕೇಳಿ. ನಾನು ಕೇಳಿದ್ದರೆ ಜೀಪಿನ ಡೀಸೆಲ್ಲೂ ಉಳಿಯುತ್ತಿತ್ತು. ಆದರೆ ಆ ಪುಟ ನೋಡುವ ಭಾಗ್ಯ ತಪ್ಪುತ್ತಿತ್ತು, ಅದೂ ನಿಜ.

ಅಜ್ಜಿ ಒಂದು ಷರತ್ತು ಹಾಕಿದರು. ಮದುವೆ ಕಾಗದದಲ್ಲಿ ಎರಡೂ ಕಡೆ ಒಂದೇ ಅಡ್ಡಹೆಸರು ಕಂಡರೆ ಜನ ಆಡಿಕೊಳ್ಳುತ್ತಾರೆ, ಆದ್ದರಿಂದ ಕೆಳಗೆ ಬಳಿಯನ್ನೂ ಅಚ್ಚು ಹಾಕಿಸಬೇಕು. ನಾನು ಚೌಕಾಸಿ ಮಾಡದೆ ಒಪ್ಪಿದ ಷರತ್ತು ಬಹುಶಃ ಇದೊಂದೇ. ಕೊಪ್ಪದ ಪ್ರೆಸ್ಸಿನವರು, ಇಂಥದ್ದನ್ನು ಯಾರೂ ಹಾಕಿಸುವುದಿಲ್ಲವಲ್ಲ ಎಂದು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡರು. ವರನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಕಡವೆ ಬಳಿ, ವಧುವಿನ ಹೆಸರಿನ ಕೆಳಗೆ ಹೊನ್ನೆ ಬಳಿ.

ಕಾಗದ ಹಂಚಿದ ಮೇಲೆ ನಾವು ಎಣಿಸದಿದ್ದದ್ದು ನಡೆಯಿತು. ಅದೇ ಅಡ್ಡಹೆಸರಿನವರು ಫೋನ್ ಮಾಡತೊಡಗಿದರು. ಎನ್.ಆರ್. ಪುರದ ಒಬ್ಬಳು, “ಅಕ್ಕ, ನಮ್ದು ಯಾವ ಬಳಿ ಅಂತ ನಿಮಗೆ ಗೊತ್ತಾ?” ಎಂದಳು. ನಿನ್ನ ಅಪ್ಪನ ತಂಗಿ ಇನ್ನೂ ಇದ್ದಾಳಲ್ಲ, ಅವಳನ್ನು ಕೇಳು ಎಂದೆ. ಎರಡು ದಿನ ಬಿಟ್ಟು ಅವಳೇ ಮತ್ತೆ ಫೋನ್ ಮಾಡಿ, “ಅತ್ತೆ ಹತ್ರ ಮಾತಾಡಿ ಎಂಟು ವರ್ಷ ಆಗಿತ್ತು ಅಕ್ಕ. ಬಳಿ ಕೇಳ್ಲಿಕ್ಕೆ ಹೋಗಿ ಊಟ ಮಾಡ್ಕೊಂಡು ಬಂದೆ. ಅವಳಿಗೂ ಮರ್ತಿದೆ. ನೆನಪು ಮಾಡ್ಕೊಂಡು ಹೇಳ್ತಾಳಂತೆ” ಎಂದಳು. ಮದುವೆಯ ಊಟದ ಪಂಕ್ತಿಯಲ್ಲಿ ಮುದುಕಿಯರು ಒಬ್ಬರನ್ನೊಬ್ಬರು ಬಳಿ ಕೇಳಿಕೊಳ್ಳುತ್ತಿದ್ದರು. ಹುಡುಗಿಯರು ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಒಂದೇ ಹೆಸರಿನವರು ಅಷ್ಟು ಜನ ಒಂದು ಕಡೆ ಸೇರಿದ್ದು, ಆ ಮೇಷ್ಟರ ಮೇಜಿನ ಮುಂದೆ ಸಾಲು ನಿಂತ ಮೇಲೆ ಅದೇ ಮೊದಲಿರಬೇಕು.

ಮದುವೆಯಾಗಿ ವಾರಕ್ಕೆ ನೋಂದಣಿ ಮಾಡಿಸಲು ಕೊಪ್ಪದ ಕಚೇರಿಗೆ ಹೋದೆವು. ಅಜ್ಜಿ ನಾನೂ ಬರುತ್ತೇನೆ ಎಂದು ಹಟ ಹಿಡಿದು ಜೀಪಿನ ಮುಂದಿನ ಸೀಟಿನಲ್ಲಿ ಕುಳಿತು ಬಂದಿದ್ದರು. ಅರ್ಜಿ ನೋಡುತ್ತಿದ್ದ ಗುಮಾಸ್ತರು ತಮ್ಮನ ಮಗಳನ್ನು ಕೇಳಿದರು.

“ಮದುವೆಗೆ ಮುಂಚಿನ ಅಡ್ಡಹೆಸರು ಬರೆದಿದ್ದೀರಿ. ಆಮೇಲಿಂದು ಏನಮ್ಮ?”

“ಅದೇ ಸರ್.”

“ಅಲ್ಲಮ್ಮ, ಬದಲಾಯಿಸಿಕೊಳ್ಳೋದಾದ್ರೆ ಗಂಡನದ್ದು.”

“ಅವರದ್ದೂ ಅದೇ ಸರ್” ಎಂದು ಅವಳು ನಗು ತಡೆದುಕೊಂಡು ನನ್ನತ್ತ ತಿರುಗಿದಳು. “ಅತ್ತೆ, ಆಧಾರ್, ಬ್ಯಾಂಕು, ಲ್ಯಾಬಿನ ಐಡಿ, ಒಂದೂ ಬದಲಾಯಿಸ್ಬೇಕಾಗಿಲ್ಲ!” ಇಷ್ಟು ಕಚೇರಿ ಅಲೆದಾಟ ಉಳಿಸಿದ ಮದುವೆ ನಮ್ಮ ಕಡೆ ಇನ್ನೊಂದು ಆಗಿರಲಾರದು.

ಗುಮಾಸ್ತರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. “ಎರಡೂ ಒಂದೇ. ಸಂಬಂಧದಲ್ಲೇ ಮದುವೆಯಾ?”

ಉತ್ತರ ಕೊಡಲು ನಾನು ಬಾಯಿ ತೆರೆದೆ. ಬೆಂಚಿನಿಂದ ಅಜ್ಜಿ ನನಗಿಂತ ಮುಂಚೆ ಎದ್ದಾಗಿತ್ತು.

“ಇಲ್ಲಪ್ಪ. ಸಂಬಂಧ ಇವತ್ತಿಂದ ಶುರು. ಪೂರ್ತಿ ಹೆಸರು ಬರಿ, ಇಬ್ಬರಿಗೂ. ಗೀಟು ಗೀಚಬೇಡ.”